ಏಡಿಯ ಗುಟ್ಟಿನ ಮಣ್ಣು

ನಂಬಲ್ಲ ಅಂತೀರಾ? ನಂಬಬೇಡಿ ಮಕ್ಕಳೇ, ನನಗೇನು! ಆದರೆ ಬಿದಿರುಮೆಳೆಯ ಕಾಡುಕೆರೆಯಲ್ಲಿ ಒಂದೇ ನೆಗೆತಕ್ಕೆ ಮೂರು ತಾವರೆ ಎಲೆ ದಾಟುವ ಕಪ್ಪೆ ನಾನೊಬ್ಬನೇ. ಅಲ್ಲಿನ ಪಂಚಾಯಿತಿಯ ಬಾಯಿ ಮುಚ್ಚಿಸಿದವನೂ ನಾನೇ.

ಆ ವರ್ಷ ನಮ್ಮ ಕೆರೆಯ ಏರಿ ಸೋರುತ್ತಿತ್ತು. ನೀರು ದಿನಕ್ಕೆ ಎರಡು ಬೆರಳು ಇಳಿಯುತ್ತಿತ್ತು. ದಡದ ಹತ್ತಿರ ನನ್ನಕ್ಕನ ಗೊದಮೊಟ್ಟೆಗಳಿದ್ದವು, ಇನ್ನೂ ಕಾಲು ಮೂಡದ ಪುಟ್ಟ ಮರಿಗಳು. ನೀರು ಹೋದರೆ ಅವು ಅಲ್ಲೇ ಒಣಗಿ ಸಾಯಬೇಕು.

ಏರಿ ರಿಪೇರಿಯನ್ನು ಪಂಚಾಯಿತಿ ಏಡಿಗೆ ಗುತ್ತಿಗೆ ಕೊಟ್ಟಿತ್ತು. ಅವನು ಬಂದು ಬಂದು ಮಣ್ಣು ಮೆತ್ತಿದ. ಏರಿ ಸೋರುತ್ತಲೇ ಇತ್ತು.

"ಆ ಕರಾರಿನಲ್ಲಿ ಏನಿದೆ, ನೋಡಿಕೊಂಡು ಬಾ," ಎಂದಳು ಅಕ್ಕ. "ನಿನ್ನ ಬಾಯಿ ದೊಡ್ಡದಲ್ವಾ, ಈಗಲಾದರೂ ಉಪಯೋಗಕ್ಕೆ ಬರಲಿ."

ಗುಮಾಸ್ತ ಆಮೆಯ ಮುಂದೆ ಹೋಗಿ ನಿಂತೆ. ಮುಳ್ಳಿನಿಂದ ಕರಾರು ಗೀಚಿದ ಮುತ್ತುಗದ ಎಲೆ ಅವನ ಚಿಪ್ಪಿನಡಿ ಇತ್ತು.

"ಆಮೆಯಣ್ಣ, ಆ ಎಲೆ ತೋರಿಸು."

"ಆಗಲ್ಲಪ್ಪ. ಏಡಿಯ ಮಣ್ಣು ನೀರಲ್ಲಿ ಕರಗಲ್ಲ. ಅದನ್ನು ಕಲೆಸೋದು ಹೇಗೆ ಅನ್ನೋದು ಅವನ ವ್ಯಾಪಾರದ ಗುಟ್ಟು. ಬೇರೆಯವರಿಗೆ ತಿಳಿದರೆ ಅವನ ಹೊಟ್ಟೆ ಮೇಲೆ ಹೊಡೆದಂತೆ."

"ಅವನ ಗುಟ್ಟು ಯಾರಿಗೆ ಬೇಕು? ಆ ಒಂದು ಸಾಲು ಮುಚ್ಚಿಕೋ. ಏರಿ ಸೋರಿದರೆ ಯಾರು ಹೊಣೆ, ಅಷ್ಟು ತೋರಿಸು. ಕೆರೆ ನಮ್ಮದಲ್ವಾ?"

"ನಾಳೆ ಬಾ."

ಮರುದಿನ ಹೋದರೆ ಮತ್ತೆ "ನಾಳೆ ಬಾ". ಒಂಬತ್ತು ದಿನ ಅಲೆಸಿದ! ಹತ್ತನೆಯ ದಿನ ಅವನ ಚಿಪ್ಪಿನ ಮೇಲೇ ಹತ್ತಿ ಕೂತು, ಇಡೀ ಕೆರೆಗೆ ಕೇಳುವಂತೆ ವಟಗುಟ್ಟಿದೆ. ಕೆಸರಲ್ಲಿ ತೂಕಡಿಸುತ್ತಿದ್ದ ಅಧ್ಯಕ್ಷೆ ಎಮ್ಮೆಗೂ ಎಚ್ಚರವಾಯಿತು.

"ಕೊಟ್ಟು ಕಳಿಸೋ ಮಾರಾಯ, ಕಿವಿ ತೂತಾಯ್ತು!"

ಆಮೆ ಕೊಟ್ಟ. ಏನು ಕೊಟ್ಟ? ಹನ್ನೆರಡು ಸಾಲಿಗೂ ಮಣ್ಣು ಮೆತ್ತಿದ ಎಲೆ! ಕೆಳಗೆ ಎಮ್ಮೆಯ ಗೊರಸಿನ ಗುರುತು ಮಾತ್ರ ಕಾಣುತ್ತಿತ್ತು.

ಪಕ್ಕದಲ್ಲಿದ್ದ ಏಡಿ ಕೊಂಡಿ ಆಡಿಸಿ ನಕ್ಕ. "ನನ್ನದೇ ಮಣ್ಣು ಮೆತ್ತಿದ್ದೀನಿ. ಏನು ಮಾಡಿದರೂ ಬಿಡಲ್ಲ ಅದು. ಓದ್ಕೋ ಹೋಗು, ದೊಡ್ಡಬಾಯಿ!"

ನೀರಲ್ಲಿ ಕರಗದ ಮಣ್ಣು ತಾನೇ? ಎಲೆ ಕಚ್ಚಿಕೊಂಡು ಒಂದೇ ನೆಗೆತ! ಎಲ್ಲರ ಎದುರಿಗೇ ಕೆರೆಯಲ್ಲಿ ಅದ್ದಿದೆ. ಎರಡು ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ಮಣ್ಣೆಲ್ಲ ಕರಗಿ ಹೋಯಿತು.

ಗಟ್ಟಿಯಾಗಿ ಓದಿದೆ: "ಮಣ್ಣು ಕೆರೆಯ ದಡದ್ದೇ. ಬೇರೇನೂ ಬೆರೆಸುವುದಿಲ್ಲ. ಏರಿ ಸೋರಿದರೆ ಏಡಿ ಹೊಣೆಯಲ್ಲ. ಮತ್ತೆ ಸೋರಿದರೆ ಗುತ್ತಿಗೆ ಮತ್ತೆ ಏಡಿಗೇ. ಏರಿಯೊಳಗೆ ಏಡಿ ಎಷ್ಟು ಬಿಲ ಬೇಕಾದರೂ ತೋಡಿಕೊಳ್ಳಬಹುದು."

"ಬಿಲಾನಾ?" ಅಕ್ಕ ಕಿರುಚಿದಳು. "ತೂತು ಕೊರೆಯೋನಿಗೇ ತೂತು ಮುಚ್ಚೋ ಕೆಲಸ ಕೊಟ್ರಾ?"

ಎಮ್ಮೆ ತಲೆ ತಗ್ಗಿಸಿದಳು. "ನಾನು ಓದಲಿಲ್ಲ ಕಣಮ್ಮ. ಗುಟ್ಟು ಅಂದರು, ಗೊರಸು ಒತ್ತಿದೆ."

ಅವತ್ತೇ ಏಡಿಯನ್ನು ಓಡಿಸಿದೆವು. ಎಮ್ಮೆ ತಾನೇ ಏರಿಯ ಮೇಲೆ ನಡೆದು ಬಿಲಗಳನ್ನೆಲ್ಲ ತುಳಿದು ಮುಚ್ಚಿದಳು. ನೀರು ನಿಂತಿತು. ಆದರೆ ಅಕ್ಕನ ಮರಿಗಳಲ್ಲಿ ಅರ್ಧ ಆಗಲೇ ಒಣಗಿಹೋಗಿದ್ದವು. "ನಾಳೆ ಬಾ" ಅಂದ ಒಂಬತ್ತು ದಿನಗಳಲ್ಲಿ ಹೋದ ಜೀವಗಳು ಅವು! ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಕೊನೆಗೆ ನನಗೆ ಸಿಕ್ಕಿದ್ದು ಹನ್ನೆರಡು ಸಾಲಿನ ಒಂದು ಒದ್ದೆ ಎಲೆ.

ನೀತಿ: ವ್ಯಾಪಾರಿಯ ನಿಜವಾದ ಗುಟ್ಟನ್ನು ಕಾಯಬಹುದು, ಅದರ ನೆಪದಲ್ಲಿ ಊರಿಗೆ ಸೇರಿದ ಕರಾರನ್ನೇ ಮುಚ್ಚಿಟ್ಟರೆ ಅದು ಊರಿಗೆ ಮಾಡಿದ ಮೋಸ.