ಅಂಗಳದಲ್ಲಿ ಬಿಡಿಸಿದ ಎರಡು ನಕ್ಷೆ

"ಗುರುಗಳೇ, ನೀವು ಹೇಳಿದ ಪಾಠ ಒಂದೇ. ಅದನ್ನು ಮರಳಿನ ಮೇಲೆ ಬಿಡಿಸಿ ಎಂದಿರಿ. ಒಬ್ಬೊಬ್ಬರದು ಒಂದೊಂದು ಬಗೆಯಾಯಿತು. ಸರಿಯಾದದ್ದು ಯಾವುದು?" ಎಂದು ಶಿಷ್ಯ ಮಹಾಂತ ಕೇಳಿದ.

ಗುರುಗಳು ಕತೆ ಹೇಳಿದರು.

ಬೆಟ್ಟದ ಬುಡದಲ್ಲಿ ಒಬ್ಬ ನಾಟಿವೈದ್ಯೆ ಇದ್ದಳು. ಅವಳಿಗೆ ಇಬ್ಬರು ಶಿಷ್ಯೆಯರು. ಹಿರಿಯಳು ಕೂತು ಕೇಳಿ ಕಲಿಯುವವಳು. ಕಿರಿಯಳಿಗೆ ಕೂತರೆ ಏನೂ ತಲೆಗೆ ಹತ್ತುತ್ತಿರಲಿಲ್ಲ. ಗಿಡದ ಬಳಿಗೇ ಹೋಗಿ ಮುಟ್ಟಬೇಕು, ಮೂಸಬೇಕು.

ಕಲಿಸುವುದು ಮುಗಿಯಿತು ಅನ್ನಿಸಿದಾಗ ವೈದ್ಯೆ, "ಕಲಿತದ್ದನ್ನೆಲ್ಲ ಅಂಗಳದಲ್ಲಿ ಬಿಡಿಸಿ ತೋರಿಸಿ" ಎಂದಳು.

ಹಿರಿಯಳು ಸುಣ್ಣದಲ್ಲಿ ಮನುಷ್ಯನ ಮೈ ಬರೆದಳು. ನೋವಿನ ಜಾಗದಲ್ಲೆಲ್ಲ ಮದ್ದಿನ ಎಲೆ ಇಟ್ಟಳು. ಒಂದೇ ಬಗೆಯ ಬೇನೆಗಳನ್ನು ಗೆರೆ ಎಳೆದು ಕೂಡಿಸಿದಳು. ವೈದ್ಯೆ ಹಿಗ್ಗಿದಳು. ಕಿರಿಯಳು ಬರೆದದ್ದು ಬೆಟ್ಟವನ್ನು. ಹಳ್ಳ, ಬಂಡೆ, ಇಳಿಜಾರು. ಯಾವ ಗಿಡ ಎಲ್ಲಿ ಬೆಳೆಯುತ್ತದೋ ಅಲ್ಲಿ ಅದರ ಎಲೆ.

"ಇದರಲ್ಲಿ ರೋಗ ಎಲ್ಲಿದೆಯೇ?" ಎಂದು ವೈದ್ಯೆ ಕೇಳಿದಳು. ಇವಳಿಗೆ ಕಲಿಸಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದು ವೈದ್ಯೆಗೆ ಸಂಕಟವಾಯಿತು.

ಅಷ್ಟರಲ್ಲಿ ಕುರಿಗಾಹಿ ಹೆಂಗಸೊಬ್ಬಳು ಮಗಳನ್ನು ಹೊತ್ತು ಓಡಿಬಂದಳು. ಕಣಜ ಕಚ್ಚಿ ಕೂಸಿನ ಮುಖ ಊದಿತ್ತು, ಕಣ್ಣು ಕಾಣುತ್ತಿರಲಿಲ್ಲ. ಅದಕ್ಕೆ ವೈದ್ಯೆ ಬಲ್ಲದ್ದು ಒಂದೇ ಸೊಪ್ಪು. ಆ ವರ್ಷದ ಬಿಸಿಲಿಗೆ ಅದು ಬೇರುಸಮೇತ ಒಣಗಿಹೋಗಿತ್ತು.

ಹಿರಿಯಳು ತನ್ನ ಗೆರೆಯ ಮೇಲೆ ಬೆರಳಾಡಿಸಿದಳು. "ಅವ್ವಾ, ಬಸುರಿಯರ ಕಾಲು ಊದಿದರೆ ಹಚ್ಚುತ್ತೀವಲ್ಲ, ಆ ಬಳ್ಳಿ? ಅದೂ ಊತವೇ, ಇದೂ ಊತವೇ."

"ಮುಖಕ್ಕೆ ನಾನು ಎಂದೂ ಹಚ್ಚಿಲ್ಲ. ಹಚ್ಚೋಣವೆಂದರೂ ಈ ಬೇಸಿಗೆಯಲ್ಲಿ ಆ ಬಳ್ಳಿಯಾದರೂ ಎಲ್ಲಿದೆ?"

"ಹಳ್ಳದ ದೊಡ್ಡ ಬಂಡೆಯ ಸಂದಿನಲ್ಲಿ. ಅಲ್ಲಿ ನೆಲ ಇನ್ನೂ ತಣ್ಣಗಿದೆ" ಎಂದು ಕಿರಿಯಳು ಓಡಿಯೇಬಿಟ್ಟಳು.

ಹಸಿರು ಬಳ್ಳಿ ಬಂತು. ವೈದ್ಯೆ ಅರೆದು, ಮೊದಲು ತನ್ನ ಕೆನ್ನೆಗೇ ಹಚ್ಚಿಕೊಂಡು ಕಾದು ನೋಡಿದಳು. ಆಮೇಲೆ ಕೂಸಿಗೆ ಹಚ್ಚಿದಳು. ಹೊತ್ತು ಇಳಿಯುವ ಮೊದಲೇ ಊತ ಇಳಿಯಿತು. ಕೂಸು ಕಣ್ಣು ಬಿಟ್ಟು, ವೈದ್ಯೆಯ ಹಸಿರು ಕೆನ್ನೆ ಕಂಡು ಕಿಲಕಿಲ ನಕ್ಕಿತು. ತಾಯಿ ನಕ್ಕಳು. ಶಿಷ್ಯೆಯರೂ ನಕ್ಕರು. ವೈದ್ಯೆ ಸೆರಗು ಸಿಕ್ಕಿಸಿ ಎರಡು ನಕ್ಷೆಗಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತಳು. "ಇಬ್ಬರೂ ಮೊದಲಿನಿಂದ ಹೇಳಿ ನೋಡೋಣ" ಎಂದಳು.

ಮಹಾಂತ ಮತ್ತೆ ಕೇಳಿದ: "ಹಾಗಾದರೆ ಗುರುಗಳೇ, ಆಕೆ ಅವರಿಗೆ ಕಲಿಸಿದ್ದಾದರೂ ಏನು?"

ಗುರುಗಳು ಹೇಳಿದರು: "ತನಗೆ ಗೊತ್ತಿಲ್ಲದ್ದನ್ನು."