ಚೌಡಮ್ಮನ ಇಂಗ್ಲಿಷ್ ಪಾಠ

ನಮ್ಮ ಪಕ್ಕದ್ಮನೆ ಪ್ರಾಣೇಶರಾಯರು ರಿಟೈರಾದ್ರೂ ಮೇಷ್ಟ್ರಗಿರಿ ಬಿಟ್ಟಿಲ್ಲ. ಮನೆಗೆಲಸದ ಚೌಡಮ್ಮ, "ನಾಳೆ ತಂಗಿ ಮದುವೆ, ರಜಾ ಕೊಡಿ" ಅಂದ್ಲು.

"ಮೊದ್ಲು ಅಡ್ವೈಸ್‌ಗೂ ಅಡ್ವೈಜ್‌ಗೂ ವ್ಯತ್ಯಾಸ ಹೇಳು. ಆಮೇಲೆ ರಜಾ" ಅಂತ ರಾಯರು ಮೀಸೆ ತಿರುವಿದ್ರು.

ಚೌಡಮ್ಮ ಪೊರಕೆ ಬಿಸಾಕಿ ಅವರೆದುರೇ ಚಕ್ಕಳಮಕ್ಕಳ ಹಾಕ್ಕೊಂಡು ಕೂತ್ಲು. "ಕಲಿಸಿ ಸ್ವಾಮಿ. ತಲೆಗೆ ಹತ್ತೋವರೆಗೂ ನಾನು ಏಳಲ್ಲ."

ರಾಯರಿಗೆ ಖುಷಿಯೋ ಖುಷಿ. ಒಂದು ನಾಮಪದ, ಇನ್ನೊಂದು ಕ್ರಿಯಾಪದ ಅಂತ ಗಂಟಲು ಹರ್ಕೊಂಡ್ರು. ಇವಳು "ಇನ್ನೊಂದ್ಸಲ" ಅಂತಾನೇ ಇದ್ಲು. ಹೊತ್ತು ನೆತ್ತಿಗೆ ಬಂತು. ಬಚ್ಚಲಲ್ಲಿ ಎಂಜಲು ಪಾತ್ರೆ ಬೆಟ್ಟವಾಯ್ತು.

ರಾಯರ ಹೆಂಡ್ತಿ ಸುಮಿತ್ರಾಬಾಯಿ ಬಂದು, "ಏಳೇ, ಪಾತ್ರೆ ತಿಕ್ಕು!" ಅಂದ್ರು.

"ಪಾಠ ಮುಗೀಲಿ ಅಮ್ಮಾವ್ರೆ. ಅರ್ಧಕ್ಕೆ ಎದ್ರೆ ಮೇಷ್ಟ್ರಿಗೆ ಅವಮಾನ."

ಸುಮಿತ್ರಾಬಾಯಿ ಪಾತ್ರೆ ತಿಕ್ಕೋ ತೆಂಗಿನನಾರು ತಂದು ಗಂಡನ ಕೈಗಿಟ್ರು.

"ಒಂದು ವಾರ ರಜಾ ತಗೋ ಚೌಡಮ್ಮ! ಈಗ ಎದ್ದೇಳು ತಾಯಿ" ಅಂತ ರಾಯರು ಕೈ ಮುಗಿದ್ರು.