ರಾಕೆಟ್ಟಿನ ಬೆಳಕಿಗೆ ಬೆಳಗು ಮಾಡಿಕೊಂಡ ಗೂಬೆ

ರಾಕೆಟ್ ಹಾರಿಸುವ ದ್ವೀಪದ ಎದುರು ದಡದಲ್ಲಿ ಒಂದು ಹಳೆಯ ಅತ್ತಿಮರ. ಅದರ ಪೊಟರೆಯಲ್ಲಿ ಗೂಬೆ ದಂಪತಿ ಸಂಸಾರ ಹೂಡಿದ್ದರು. ಬೇಟೆಗೆ ಹೊರಡುವ ಹೊತ್ತಾದರೆ ಸಾಕು, ಗಂಡನಿಗೆ ಒಂದಲ್ಲ ಒಂದು ನೆಪ. ಮೊನ್ನೆ ಬೆಳದಿಂಗಳು ಜಾಸ್ತಿ ಎಂದಿದ್ದ, ನಿನ್ನೆ ಬೀದಿದೀಪ ಕಣ್ಣಿಗೆ ಚುಚ್ಚುತ್ತದೆ ಎಂದಿದ್ದ.

"ಕತ್ತಲಾಯಿತು, ಏಳಿ. ಮರಿಗಳು ಹಸಿದಿವೆ" ಎಂದಳು ಹೆಂಡತಿ.

ಅಷ್ಟರಲ್ಲಿ ದ್ವೀಪದಿಂದ ರಾಕೆಟ್ ಮೇಲೆದ್ದು ಆಕಾಶವೆಲ್ಲ ಕೆಂಪಾಯಿತು. ಗಂಡ ಹೊರಗಿಟ್ಟ ತಲೆಯನ್ನು ತಟ್ಟನೆ ಒಳಗೆಳೆದುಕೊಂಡ.

"ನೋಡಿದೆಯಾ? ಬೆಳಗಾಗಿಯೇ ಹೋಯಿತು! ಹಗಲಲ್ಲಿ ಗೂಬೆಗಳು ಬೇಟೆಯಾಡುವುದೂ ಇಲ್ಲ, ಉಣ್ಣುವುದೂ ಇಲ್ಲ. ಮರಿಗಳನ್ನು ಮಲಗಿಸು."

"ಬೆಳಗೂ ಇಲ್ಲ, ನಿಮ್ಮ ತಲೆಯೂ ಇಲ್ಲ! ಅದು ರಾಕೆಟ್ಟು. ಒಂದು ಗಳಿಗೆ ಕಣ್ಣು ಬಿಟ್ಟುಕೊಂಡು ಕೂತಿರಿ, ಆರಿಹೋಗುತ್ತದೆ."

"ಹೊತ್ತು ಹುಟ್ಟಿದ ಮೇಲೆ ವಾದವೆಂಥದ್ದು?" ಎಂದು ಗಂಡ ಗೊರಕೆ ಶುರುಮಾಡಿದ.

ಅವಳಿಗೆ ಸಾಕುಸಾಕಾಯಿತು. ತಾನೇ ಹಾರಿ ಹೊರಟಳು. ಕೆಳಗೆ ಗದ್ದೆಯ ಇಲಿಗಳೆಲ್ಲ ಬಿಲ ಬಿಟ್ಟು ಬಂದು, ಬಾಯಿ ತೆರೆದು ಆಕಾಶ ನೋಡುತ್ತ ನಿಂತಿದ್ದವು. ಹಿಂದೆ ಯಾರು ಬಂದರೆಂದು ಒಂದೂ ತಿರುಗಿ ನೋಡಲಿಲ್ಲ. ಅವಳು ಅಂದಿನಷ್ಟು ಸುಲಭವಾಗಿ ಎಂದೂ ಬೇಟೆಯಾಡಿರಲಿಲ್ಲ.

ಅವಳು ಮರಳುವಷ್ಟರಲ್ಲಿ ಬೆಳಕು ಆರಿ, ಕತ್ತಲು ಮೊದಲಿಗಿಂತ ದಟ್ಟವಾಗಿತ್ತು. ಮರಿಗಳು ತಿನ್ನುವ ಸದ್ದಿಗೆ ಗಂಡನ ಕಣ್ಣು ತಾನಾಗಿ ತೆರೆಯಿತು.

"ಊಟಕ್ಕೆ ನನ್ನನ್ನು ಎಬ್ಬಿಸಬಾರದಿತ್ತೇ?"

ಕೊನೆಯ ತುಂಡನ್ನು ಮರಿಯ ಬಾಯಿಗಿಡುತ್ತ ಹೆಂಡತಿ ಹೇಳಿದಳು: "ಹಗಲಲ್ಲಿ ನಾವು ಉಣ್ಣುವುದಿಲ್ಲವಲ್ಲ. ಮಲಗಿ."